ದನಿ ನಿಲ್ಲೂ ಜಾಗ

ಮೂವತ್ತೊಂದು ವರ್ಷ ಮಗ್ಗ ಎಡಕ್ಕಿಟ್ಟುಕೊಂಡು ನಿಂತಾಂವ.
ಹಿಂಗಾಗಿ ಎಡಗಿವಿ ಮಗ್ಗಕ್ಕ ಹೋತು.
ಬಲಗಿವಿ ನಿನಗಂತ ಉಳದದ ಅಂತಾನ,
ಕರದ್ರ ಅದಕ್ಕೂ ಒಮ್ಮೊಮ್ಮೆ ರಜಾ.

ಕಾರಖಾನಿ ಮುಚ್ಚಿ ಲೆಕ್ಕ ಚುಕ್ತಾ ಆದ ರೊಕ್ಕದಾಗ
ಸೊಲ್ಲಾಪುರದ ನಮ್ಮ ಚಾಳಿನ ಮಂದಿ ಫ್ರಿಜ್ ತಂದ್ರು.
ಗುರಲಿಂಗಪ್ಪ ತಂದದ್ದು ಎರಡು ಸ್ಪೀಕರ್ ಪೆಟಗಿ,
ತೊಡಿಮಟ ಎತ್ತರ, ತೇಗದ ಬಣ್ಣ,
ಸಾತ್ ರಸ್ತಾದಾಗ ಯಾರೋ ಡಾಕ್ಟರ ಮನಿ ಮಾರಿದಾಗ ಸಿಕ್ಕವು.
ರಿಕ್ಷಾದಾಗ ತಾ ನಡುವ ಕುಂತು
ಎರಡೂ ಬಗಲಾಗ ಎರಡನ್ನೂ ಅವಚಿಕೊಂಡು ಬಂದ,
ಅವಳಿ ಜವಳಿ ಹಡದ ಬಾಣಂತಿ ಹಂಗ.

ಮೊದಲನೇ ದಿನ ಮೂಲಿಗಿ ಒತ್ತಿಟ್ವಿ.
ಡಗ್ಗಾದ ಪೆಟ್ಟು ಗುಡಾಣದಾಗ ಬಿದ್ದ ಬೆಕ್ಕಿನಂಗ
ಗುಂಯ್ ಗುಂಯ್ ಅಂತಿತ್ತು.
"ಮೂಲಿ ಅಂದ್ರ ಚಾಡಿಖೋರ," ಅಂದ ಇವ,
"ಒಂದು ಹೇಳಿದ್ರ ಮೂರು ಕೂಡಿಸಿ ಹೇಳ್ತದ.
ಗ್ವಾಡಿ ಬಿಟ್ಟು ಮೊಳ ಮುಂದ ತರೋಣು."
ಹತ್ತು ಫೂಟಿನ ಖೋಲಿಯಾಗ ಮೊಳ ಎಲ್ಲಿಂದ ತರೂದು?
ಹಿಟ್ಟಿನ ಡಬ್ಬಿ ಮಂಚದ ಕೆಳಗ ಹೋತು,
ಹೊಲಿಗಿ ಮಷೀನು ಹೊರಗ ಹೋತು,
ನಾನು, ನನ್ನ ಮೊರ, ತುಪ್ರಿ ಎಲಿ, ಜರದಾ
ಹೊಸ್ತಲದ ಕಡೆ ಸರದ್ವಿ.

ಟೇಪು ಬ್ಯಾಡಂದ. ಹಸರು ನೂಲಿನ ಉಂಡಿ ತಂದ.
ಈ ಪೆಟಗಿಯಿಂದ ಆ ಪೆಟಗಿಗೆ ಎಷ್ಟೋ
ಎರಡರಿಂದ ಕುರ್ಚಿಗೂ ಅಷ್ಟೇ,
ಮೂರೂ ಎಳಿ ಒಂದೇ ಬಿಗಿ.
ಮಾರಿ ಒಂದಿಷ್ಟು ಒಳಗ ಹೊಳ್ಳಿಸಿದ,
ಪಂಕ್ತಿಯೊಳಗ ಕುಂತ ಬೀಗರ ಹಂಗ,
ಪೂರ್ತಿ ಎದರಬದರೂ ಅಲ್ಲ, ಪೂರ್ತಿ ಸಿಟ್ಟೂ ಅಲ್ಲ.
ಟ್ವೀಟರ್ ಕಿವಿ ಎತ್ತರಕ್ಕ ಬರಬೇಕಂತ
ಅಡಿಗೆ ನಾಕ್ನಾಕು ಇಟ್ಟಂಗಿ.

ಆಮ್ಯಾಲೆ ನನ್ನ ಕೈಯಾಗ ದಾಡಿ ಕನ್ನಡಿ ಕೊಟ್ಟ.
"ಗ್ವಾಡಿಗುಂಟ ಸರಿಸಿಕೋತ ಹೋಗು.
ಇಲ್ಲಿಂದ ನನಗ ಪೆಟಗಿ ಎಲ್ಲಿ ಕಾಣ್ತದೋ
ಅಲ್ಲಿಂದನ ದನಿ ಪುಟದು ಬರ್ತದ."
ಸರಿಸಿದೆ. ಕುರ್ಚಿಯಾಗಿಂದ ಒದರಿದ:
"ಕ್ಯಾಲೆಂಡರ್... ಲಂಗಾ... ನಿನ್ನ ಮೊಣಕೈ...
ಹಾಂ, ಪೆಟಗಿ! ಹೊಡಿ ಮೊಳಿ."
ಮೊಳಿಗೆ ಚಾದರ ಬಿತ್ತು.
ಇವನ ನೇಯ್ದದ್ದು. ಕಾರ್ಡು ಅಡ್ಡಾಗಿ
ನವಿಲಿಗೆ ಮೂರು ಕಾಲು ಮೂಡಿ ಮಾಲಕ ಒಲ್ಲೆ ಅಂದದ್ದು.
ಗದ್ದಲದಾಗ ಹುಟ್ಟಿದ ಬಟ್ಟಿ
ಗದ್ದಲ ನುಂಗಿಕೋತ ಜೋತಾಡ್ತು.

ಕುಂತ. ಹಾಡು ಹಚ್ಚಿದ.
ಬಾಳ ಹೊತ್ತು ಸುಮ್ನಿದ್ದ.
"ಹಾಡಾಕಿ ಎಲ್ಲಿ ನಿಂತಾಳ?"
ನಾ ಏನಂತ ಹೇಳಲಿ, ಕ್ಯಾಸೆಟ್ಟಿನಾಗ.
"ನನಗ ಬರೇ ಬಲಕ್ಕ ನಿಂತಾಳ.
ಹೆಂಗ ಸರಿಸಿದ್ರೂ ಬಲಕ್ಕ."
ಮೂರು ದಿನದ ನೂಲು, ಇಟ್ಟಂಗಿ, ಮೊಳಿ
ಒಂದು ಕಿವಿಗೆ ಯಾಕ ಬೇಕಿತ್ತಂತ ನಾ ಕೇಳಲಿಲ್ಲ.
ಅವನೂ ಆಗಷ್ಟೇ ಕೇಳಿಕೊಂಡಿರಬೇಕು.

ಎದ್ದು ಕುರ್ಚಿ ಮಡಚಿಟ್ಟ.
ಇಟ್ಟಂಗಿ ತಗದ. ನಾಕರಾಗ ಒಂದು ಉಳೀತು.
ನೂಲಿನ ತುದಿ ಹಿಡಕೊಂಡು ಬಂದು,
ನಾ ಬೀಡಿ ಕಟ್ಟಿಕೋತ ಕುಂತ ಚಾಪಿಗೆ ಬಂದು,
ನನ್ನ ಹಣಿಗೆ ಹಚ್ಚಿ ಬಿಗಿ ನೋಡಿದ.
ಚಾದರ ಎರಡು ಗೇಣು ಈಚಿಗೆ ಬಂತು.
"ಶೀಲವಂತಿ, ಕತ್ತರಿ ಇಡು. ಕಣ್ಣು ಮುಚ್ಚು. ಎಲ್ಲಿ?"

ಪೇಟಿ ಉಸಿರು ಎಳಕೊಂಡದ್ದು ಕೇಳಿಸ್ತು.
ಹಾಡೂಕ್ಕಿಂತ ಮೊದಲ ಆಕಿ ತುಟಿ ಬಿಚ್ಚಿದ್ದು.
ಬಳಿಗೆ ಬಳಿ ತಾಗಿದ್ದು.
ಪೆಟಗಿ ಎರಡೂ ಮೂಕಾಗಿ ನಿಂತಿದ್ವು,
ನಡುವ, ಏನೂ ಇಲ್ಲದಲ್ಲಿ,
ಫರಸಿ ಮ್ಯಾಲೆ ಆಕಿ ಕುಂತಿದ್ದಳು.
ಖರೇ ಹೇಳಬೇಕಂದ್ರ ನಡುವ ಅಲ್ಲ,
ಅರ್ಧ ಗೇಣು ಒಲಿ ಕಡೆ,
ಹಾಲು ಉಕ್ಕೀತೇನೋ ಅಂತ ಒಂದು ಕಣ್ಣು ಅತ್ತ ಇಟ್ಟಾಕಿ ಹಂಗ.

"ನಡುವ," ಅಂದೆ.
ಮತ್ತ ನೂಲು ತಂದಾನಂತ. ಆರನೂರು ಬೀಡಿ ಬಾಕಿ ಇದ್ವು.
ಮಗ್ಗದ ನಡಗು ನೋಡಾಂವನಂಗ
ಪೆಟಗಿ ಮ್ಯಾಲೆ ಅಂಗೈ ಊರಿ
"ಹೌದು," ಅಂದ, "ನಡುವನ ಅದಾಳ."

ದಿನಾ ಸಂಜಿಗೆ ಹಚ್ತಾನ.
ದಿನಾ ಆಕಿ ಒಲಿ ಕಡೆ ಅರ್ಧ ಗೇಣು ವಾಲಿ ಕುಂದರ್ತಾಳ.
ನಾ ಹೇಳಿಲ್ಲ.
ಹಾಲು ಮಾತ್ರ ಒಮ್ಮೊಮ್ಮೆ ಉಕ್ಕತದ.